ಮಾರುತಿ 800 ಎಂಜಿನ್: ನಾವೇ ಬಿಚ್ಚೋದಾ, ಮೆಕ್ಯಾನಿಕ್‌ಗೆ ಕೊಡೋದಾ?

ಹೊಗೆ ಬಂತು ಅಂತ ಸುಮ್ನೆ ಎಂಜಿನ್ ಬಿಚ್ಚಬೇಡಿ. ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಏಳುವ ಒತ್ತಡ, ಅಳೆಯಿರಿ. ಕಡಿಮೆ ಬಂದ ಸಿಲಿಂಡರಿಗೆ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ಆಗ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಿದರೆ ಸಾಕಾಗಬಹುದು.

796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ತಾನೇ, ಬಿಚ್ಚೋದು, ತೊಳೆಯೋದು, ಜೋಡಿಸೋದು ಮನೆಯಲ್ಲೇ ಆಗುತ್ತದೆ. ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ. ಅಂಚು ತಡೆದರೆ ಬೋರಿಂಗ್, ಅಂದರೆ ಒಳಗೋಡೆ ಕೊರೆದು ಅಗಲಿಸೋದು, ಬೇಕಾಗಬಹುದು. ಅದು ಲೇತ್‌ನವರ ಕೆಲಸ. ಹೊಸ ಪಿಸ್ಟನ್ ಜೊತೆಗೇ ಒಯ್ಯಿರಿ, ಅದರ ಅಳತೆಗೆ ಬೋರ್ ಮಾಡಲಿ. ಹೆಡ್ ಬೋಲ್ಟಿಗೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಪಾನಾ) ಬೇಕೇ ಬೇಕು, ಅಂದಾಜು ನಡೆಯಲ್ಲ.

ಕಲಬುರಗಿ ಬೇಸಿಗೆಯಲ್ಲಿ ಅಂಗಳದಲ್ಲಿ ಈ ಕೆಲಸ ನಾನಂತೂ ಹಿಡಿಯಲ್ಲ. ಬೇರಿಂಗ್ ಮೇಲೆ ಧೂಳು ಕೂರುತ್ತದೆ ಅಲ್ವಾ! ಕಾರು ದಿನಾ ಬೇಕು ಅನ್ನುವವರು ಮೆಕ್ಯಾನಿಕ್‌ಗೇ ಕೊಡಿ, ಆದರೆ ನಿಜಕ್ಕೂ ಬದಲಿಸಿದ್ದಾರಾ ಅಂತ ನೋಡೋಕೆ ಹಳೇ ರಿಂಗ್, ಬೇರಿಂಗ್ ಕೇಳಿ ಇಸ್ಕೊಳ್ಳಿ.