ಅಮ್ಮನ ಹಾಡಿಗೆ ಒಂದು ಕಾರ್ಡ್

ಬಸವನಗುಡಿ ಮನೆಯಲ್ಲಿ ಅಮ್ಮನಿಗೆ ಫೋನಿನಲ್ಲಿ ಹಾಡು ಹುಡುಕುವುದೇ ತಲೆನೋವು. ಕನ್ನಡಕ ಸಿಗಲ್ಲ, ಬೆರಳು ಎಲ್ಲೋ ತಾಗಿ ಇನ್ನೇನೋ ಶುರುವಾಗುತ್ತದೆ. ಅದಕ್ಕೆ ಎನ್‌ಎಫ್‌ಸಿ ಸ್ಟಿಕ್ಕರ್ ತರಿಸಿದೆ. ಒಳಗೊಂದು ಪುಟ್ಟ ಚಿಪ್ ಇರುತ್ತದೆ, ಫೋನ್ ತಾಗಿಸಿದರೆ ಅದರಲ್ಲಿ ಬರೆದ ಲಿಂಕ್ ತೆರೆಯುತ್ತದೆ. ಎನ್‌ಟ್ಯಾಗ್ 213 ಅನ್ನೋ ಚಿಪ್ ಇರುವುದು ಸಾಕು. 144 ಬೈಟ್ ಜಾಗ ಇರುತ್ತದೆ, ಒಂದು ಲಿಂಕ್‌ಗೆ ಧಾರಾಳ. ಬ್ಯಾಟರಿ ಬೇಡ.

ನಿಮ್ಮ ಫೋನಿನಲ್ಲಿ ಇದನ್ನು ಓದುವ ಎನ್‌ಎಫ್‌ಸಿ ಸೌಲಭ್ಯ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಕಮ್ಮಿ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಇರಲ್ಲ. ಎನ್‌ಎಫ್‌ಸಿ ಟೂಲ್ಸ್ ಆ್ಯಪ್‌ನಲ್ಲಿ ಪ್ಲೇಲಿಸ್ಟ್ ಲಿಂಕ್ ಹಾಕಿ, ಸ್ಟಿಕ್ಕರ್‌ಗೆ ಫೋನಿನ ಬೆನ್ನು ತಾಗಿಸಿ. ಬರೆದಾಯಿತು.

ಹಳೇ ಮದುವೆ ಕಾಗದ ಕತ್ತರಿಸಿ, ಸ್ಟಿಕ್ಕರ್ ಅಂಟಿಸಿ ಕಾರ್ಡ್ ಮಾಡಿದೆ (ಎಸೆಯೋಕೆ ಮನಸ್ಸು ಬರದೆ ಎಲ್ಲರ ಮನೆಯಲ್ಲೂ ಇರುತ್ತವಲ್ವಾ!). ತಂಬೂರಿ ಚಿತ್ರದ ಕಾರ್ಡಿಗೆ ಫೋನ್ ತಾಗಿಸಿದರೆ ದೇವರನಾಮ, ಕಾಫಿ ಲೋಟದ್ದಕ್ಕೆ ತಾಗಿಸಿದರೆ ಹಳೇ ಸಿನಿಮಾ ಹಾಡು. ಫೋನ್ ಬ್ಲೂಟೂತ್ ಸ್ಪೀಕರ್‌ಗೆ ಜೋಡಿಸಿದ್ದೇನೆ. ಸ್ಕ್ರೀನ್ ಅನ್‌ಲಾಕ್ ಆಗಿರಬೇಕು, ಅಷ್ಟೇ. ಕೆಲವು ಫೋನ್‌ಗಳಲ್ಲಿ ಇನ್ನೊಂದು ಸಲ ಒತ್ತಬೇಕಾಗುತ್ತದೆ.

ಒಂದು ಎಡವಟ್ಟು ಮಾಡಿಕೊಂಡಿದ್ದೆ. ಕೈಗೆ ಸಿಗಲಿ ಅಂತ ಮೊದಲನೇ ಸ್ಟಿಕ್ಕರನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಗೆ ಅಂಟಿಸಿದೆ. ಎಷ್ಟು ತಾಗಿಸಿದರೂ ಸುಮ್ನೆ! ಲೋಹದ ಮೇಲೆ ಅಂಟಿಸಿದ ಮಾಮೂಲಿ ಸ್ಟಿಕ್ಕರನ್ನು ಫೋನ್ ಓದುವುದಿಲ್ಲ, ಅದಕ್ಕೆ ಆ್ಯಂಟಿ-ಮೆಟಲ್ ಅಂತ ಬೇರೆಯೇ ಕೇಳಿ ತಗೋಬೇಕು. ನಾನು ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದೆ.