ಕಾನೂನು ಅಧ್ಯಾಪಕರಾಗಿ ಸಾರ್ವಜನಿಕ ಸೇವೆ ಮಾಡಬಯಸುವವರಿಗೆ

ಕಾನೂನು ಪ್ರಾಧ್ಯಾಪಕರೊಬ್ಬರು ಆಯೋಗದ ಸದಸ್ಯರಾದಾಗಲೋ ಕುಲಪತಿಯಾದಾಗಲೋ ಅವರು ಸಾರ್ವಜನಿಕ ಸೇವೆಗೆ ಬಂದರೆಂದು ಪತ್ರಿಕೆಗಳು ಬರೆಯುತ್ತವೆ. ನಾನು ಕಂಡಂತೆ ಅಂಥವರ ಸೇವೆ ಇಪ್ಪತ್ತು ವರ್ಷ ಮೊದಲೇ, ಯಾವುದೋ ಹಳ್ಳಿಯ ಗುಡಿಕಟ್ಟೆಯ ಮೇಲೆ ಕುಳಿತು ಯಾರದೋ ಉತಾರ (ಹೊಲದ ಪಹಣಿ) ಓದಿದ ದಿನವೇ ಶುರುವಾಗಿರುತ್ತದೆ. ಆದರೆ ಹುಬ್ಬಳ್ಳಿ-ಧಾರವಾಡದ ಕಾನೂನು ವಿದ್ಯಾರ್ಥಿಗಳು ಮೊದಲು ಕೇಳುವುದು ನೌಕರಿಯ ಅರ್ಹತೆಯ ಬಗ್ಗೆಯೇ. ಆದ್ದರಿಂದ ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಸಹಾಯಕ ಪ್ರಾಧ್ಯಾಪಕರಾಗಲು ಎಲ್‌ಎಲ್‌ಎಂನಲ್ಲಿ ಕನಿಷ್ಠ ಶೇಕಡಾ 55 ಅಂಕಗಳು, ಜೊತೆಗೆ ರಾಷ್ಟ್ರ ಮಟ್ಟದ ನೆಟ್ ಅಥವಾ ರಾಜ್ಯ ಮಟ್ಟದ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು ಮತ್ತು ಅಂಗವಿಕಲರಿಗೆ ಅಂಕಗಳಲ್ಲಿ ಶೇಕಡಾ 5ರ ಸಡಿಲಿಕೆ ಇದೆ. ಈ ಹಂತಕ್ಕೆ ಪಿಎಚ್‌ಡಿ ಕಡ್ಡಾಯವಲ್ಲ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿಯ ಜೊತೆ 8 ವರ್ಷಗಳ ಅನುಭವ ಮತ್ತು 7 ಸಂಶೋಧನ ಪ್ರಕಟಣೆಗಳು, ಪ್ರಾಧ್ಯಾಪಕ ಹುದ್ದೆಗೆ 10 ವರ್ಷಗಳ ಅನುಭವ ಮತ್ತು 10 ಪ್ರಕಟಣೆಗಳು ಬೇಕಾಗುವುದರಿಂದ, ಪಿಎಚ್‌ಡಿಯನ್ನು ನಾಳೆ ನೋಡೋಣವೆಂದು ಮುಂದೂಡಿದವರು ನಲವತ್ತರ ನಂತರ ಪೇಚಾಡುತ್ತಾರೆ. ನೆಟ್ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಸನ್ನದಿನ (ವಕೀಲಿ ಮಾಡುವ ಪರವಾನಗಿಯ) ಪ್ರಶ್ನೆಯಲ್ಲಿ ಎಚ್ಚರ ಬೇಕು. ವಕೀಲರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು. ನಮ್ಮ ಭಾಗದ ಎಷ್ಟೋ ಒಳ್ಳೆಯ ಸಿವಿಲ್ ವಕೀಲರು ಮುಂಜಾನೆ ತರಗತಿ ಮುಗಿಸಿಯೇ ಕೋರ್ಟಿಗೆ ಹೋದವರು. ಪೂರ್ಣಾವಧಿ ಸಂಬಳದ ಹುದ್ದೆ ಒಪ್ಪಿಕೊಂಡರೆ ಮಾತ್ರ ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ವಕೀಲಿಯನ್ನು ನಿಲ್ಲಿಸಲೇಬೇಕು. ಹಾಗೆಂದು ಕೋರ್ಟಿನ ನಂಟು ಕಡಿಯಬೇಕಿಲ್ಲ. ಹೈಕೋರ್ಟಿನ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆದ ಮೇಲೆ, ರಿಟ್ ಅರ್ಜಿಯ ವಾದ ಕೇಳಲು ಬೆಂಗಳೂರಿನ ರೈಲು ಹತ್ತುವ ಕಾಲ ಹೋಯಿತು. ತಿಂಗಳಿಗೊಂದು ದಿನವಾದರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲೆ, ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆ ಇರುತ್ತದೆ. ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಕನ್ನಡದಲ್ಲಿಯೇ ಪಾಠ ಹೇಳಬಲ್ಲ ಅಧ್ಯಾಪಕರು ಕಡಿಮೆ. ಕಾನೂನಿನ ಕಲಮಿನ (ಸೆಕ್ಷನ್ನಿನ) ಮೂಲಪಾಠವನ್ನು ಇಂಗ್ಲಿಷಿನಲ್ಲಿ ಓದಿ, ಅದರ ಪ್ರತಿಯೊಂದು ಷರತ್ತನ್ನೂ ತಾಲ್ಲೂಕು ಕಚೇರಿಯ ಕನ್ನಡದಲ್ಲಿ ಹೇಳುವ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಮಾಡಿರಿ. ಈ ಅಭ್ಯಾಸದ ನಿಜವಾದ ಪರೀಕ್ಷೆ ನಡೆಯುವುದು ಕಾನೂನು ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿ, ಅದರ ಹಳ್ಳಿ ಶಿಬಿರಗಳಲ್ಲಿ.

ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿಯ ಶಿಬಿರಕ್ಕೆ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಉತಾರ ತಂದಿದ್ದರು. ಹಿರಿಯರಿಂದ ಬಂದ ಹೊಲ. ತಂದೆ 2001ರಲ್ಲಿ ತೀರಿಕೊಂಡಿದ್ದರು. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇತ್ತು. ನನ್ನ ವಿದ್ಯಾರ್ಥಿಯೊಬ್ಬ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಲಿಲ್ಲವಾದ್ದರಿಂದ ಪಾಲು ಸಿಗದೆಂದು ಹೇಳಿಯೇಬಿಟ್ಟ. ಅವನು ಓದಿದ್ದು 2015ರ ತೀರ್ಪು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ದಿನ ಬದುಕಿರಬೇಕಾಗಿಲ್ಲ ಎಂದು ಹೇಳಿತ್ತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಾಟ್ನಿಯನ್ನು (ಆಸ್ತಿಯ ಪಾಲು ವಿಭಾಗವನ್ನು) ಆ ತಿದ್ದುಪಡಿ ಮುಟ್ಟುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಆ ದಿನಕ್ಕೆ ಮೊದಲೇ ವಾಟ್ನಿ ಆಗಿತ್ತೇ, ಆಗಿದ್ದರೆ ಅದರ ದಾಖಲೆ ಏನು?

“ವಾಟ್ನಿ ಆಗೇತ್ರಿ ಸರ, ಹಿರ್‍ಯಾರ ಮುಂದ ಬಾಯಿಮಾತಿನ್ಯಾಗ ಆಗೇತಿ. ಕಾಗದ ಏನೂ ಇಲ್ರಿ,” ಎಂದರು ಆ ಹೆಣ್ಣುಮಗಳು.

ಬರೀ ಬಾಯಿಮಾತಿನ ವಾಟ್ನಿಯನ್ನು ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸರಕಾರಿ ದಾಖಲೆಗಳ ಬೆಂಬಲವಿದ್ದರೆ ಅಪರೂಪಕ್ಕೆ ಒಪ್ಪೀತು. ಆದ್ದರಿಂದ ತಂದೆ ತೀರಿಕೊಂಡ ಮೇಲೆ ಉತಾರದಲ್ಲಿ ಹೆಸರು ಬದಲಾದದ್ದು ವಾರಸಾದ ಆಧಾರದ ಮೇಲೋ ವಾಟ್ನಿಯ ಆಧಾರದ ಮೇಲೋ ಎಂಬುದನ್ನು ತಾಲ್ಲೂಕು ಕಚೇರಿಯ ಹಳೆಯ ದಾಖಲೆಗಳಲ್ಲಿ ನೋಡಿ ಬರುವ ಕೆಲಸವನ್ನು ಆ ವಿದ್ಯಾರ್ಥಿಗೇ ಒಪ್ಪಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ದೊರೆಯುತ್ತಾರಾದ್ದರಿಂದ, ಅರ್ಜಿಯನ್ನು ಅಲ್ಲಿಯೇ ಕನ್ನಡದಲ್ಲಿ ಬರೆಸಿದೆವು. ಇಂಥ ಕೇಂದ್ರದಲ್ಲಿ ರಿಜಿಸ್ಟರ್ ಇಡುವಾಗ ಬಂದವರ ಹೆಸರು ಮತ್ತು ಪ್ರಶ್ನೆಯ ಜೊತೆಗೆ ಕೊಟ್ಟ ಸಲಹೆ, ಕೊಟ್ಟವರು ಯಾರು, ಮುಂದೇನಾಯಿತು ಎಂಬ ಮೂರು ಕಾಲಂಗಳನ್ನೂ ಇಟ್ಟುಕೊಳ್ಳಿರಿ. ಕೊನೆಯ ಕಾಲಂ ಖಾಲಿ ಉಳಿದ ರಿಜಿಸ್ಟರು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸಲಿಕ್ಕಷ್ಟೇ ಸಾಕು.

ಮೂರು ವರ್ಷದ ರಿಜಿಸ್ಟರನ್ನು ಒಟ್ಟಿಗೆ ಓದಿದರೆ ಸಂಶೋಧನೆಯ ವಿಷಯ ತಾನಾಗಿ ಎದ್ದುಬರುತ್ತದೆ. ಒಂದೇ ತಕರಾರು ಹತ್ತು ಹಳ್ಳಿಗಳಿಂದ ಬಂದಿದ್ದರೆ ದೋಷ ಕಾನೂನಿನಲ್ಲಿಯೋ ಅದರ ಜಾರಿಯಲ್ಲಿಯೋ ಇರುತ್ತದೆ. ಆಗ ಬರೆಯಬೇಕು, ಬರೆದದ್ದು ಸರಿಯಾದ ಕೈಗೆ ತಲುಪಬೇಕು. 1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಾಗಮ್ವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮಥುರಾ ಎಂಬ ಹುಡುಗಿಯ ಅತ್ಯಾಚಾರ ಪ್ರಕರಣದಲ್ಲಿ ಆರೋಪಿ ಪೊಲೀಸರನ್ನು ಖುಲಾಸೆಗೊಳಿಸಿದ ಸುಪ್ರೀಂ ಕೋರ್ಟಿನ ತೀರ್ಪನ್ನು ಪ್ರಶ್ನಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ತೀರ್ಪು ಬದಲಾಗಲಿಲ್ಲ, ಆದರೆ ದೇಶದಲ್ಲಿ ಎದ್ದ ಚರ್ಚೆಯ ಫಲವಾಗಿ 1983ರಲ್ಲಿ ಅತ್ಯಾಚಾರದ ಕಾನೂನೇ ಬದಲಾಯಿತು. ಡಿ. ಸಿ. ವಾಧ್ವಾ ಅವರು ಬಿಹಾರದಲ್ಲಿ 1967ರಿಂದ 1981ರವರೆಗೆ ಶಾಸನಸಭೆಯ ಒಪ್ಪಿಗೆ ಪಡೆಯದೆ ಮತ್ತೆ ಮತ್ತೆ ಹೊರಟ 256 ಸುಗ್ರೀವಾಜ್ಞೆಗಳನ್ನು ಲೆಕ್ಕ ಹಾಕಿ ಸುಪ್ರೀಂ ಕೋರ್ಟಿಗೆ ಹೋದರು, ಗೆದ್ದರು. ಅವರು ಅರ್ಥಶಾಸ್ತ್ರದ ಪ್ರಾಧ್ಯಾಪಕರು ಎಂಬುದು ಕಾನೂನಿನವರಾದ ನಮಗೆ ಸ್ವಲ್ಪ ಮುಜುಗರದ ಸಂಗತಿಯೇ.

ಹುದ್ದೆಗಳ ಮಾತು ಚಿಕ್ಕದು. ಮಾಹಿತಿ ಹಕ್ಕು ಅಧಿನಿಯಮ ಕಾನೂನು ಬಲ್ಲವರನ್ನೂ ಮಾಹಿತಿ ಆಯುಕ್ತರಾಗಿ ನೇಮಿಸಲು ಅವಕಾಶ ಕೊಡುತ್ತದೆ. ಹೈದರಾಬಾದಿನ ನಲ್ಸಾರ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದ ಶ್ರೀಧರ ಆಚಾರ್ಯುಲು 2013ರಿಂದ 2018ರವರೆಗೆ ಕೇಂದ್ರ ಮಾಹಿತಿ ಆಯುಕ್ತರಾಗಿದ್ದರು. ಕಾನೂನು ಆಯೋಗದಲ್ಲಿಯೂ ಅಧ್ಯಾಪಕರಿಗೆ ಸ್ಥಾನ ಸಿಕ್ಕಿದೆ. ಸಂವಿಧಾನದ 124(3)ನೆಯ ಅನುಚ್ಛೇದ ಶ್ರೇಷ್ಠ ನ್ಯಾಯಶಾಸ್ತ್ರಜ್ಞರನ್ನು ನೇರವಾಗಿ ಸುಪ್ರೀಂ ಕೋರ್ಟಿಗೆ ನೇಮಿಸಬಹುದೆನ್ನುತ್ತದೆ, ಆದರೆ ಆ ಬಾಗಿಲಿನಿಂದ ಈವರೆಗೆ ಯಾರೂ ಒಳಗೆ ಹೋಗಿಲ್ಲ. ಇವನ್ನು ನೆಚ್ಚಿಕೊಂಡು ವೃತ್ತಿಯ ಲೆಕ್ಕಾಚಾರ ಹಾಕಬೇಡಿ.

ನೇಮಕಕ್ಕೆ ಕಾಯದೆ ಈ ವರ್ಷವೇ ಮಾಡಬಹುದಾದ ಕೆಲಸವೊಂದಿದೆ. ಕೇಂದ್ರ ಸರಕಾರದ 2014ರ ನೀತಿಯಂತೆ ಕರಡು ಮಸೂದೆಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಸಂಸತ್ತಿನ ಸ್ಥಾಯಿ ಸಮಿತಿಗಳೂ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅಭಿಪ್ರಾಯ ಕೇಳುತ್ತವೆ. ನಿಮಗೆ ಚೆನ್ನಾಗಿ ಗೊತ್ತಿರುವ ಎರಡು-ಮೂರು ಕಲಮುಗಳನ್ನಷ್ಟೇ ಆರಿಸಿಕೊಂಡು, ಕರಡಿನಲ್ಲಿರುವ ಪಾಠ, ಅದರ ತೊಡಕು, ನೀವು ಸೂಚಿಸುವ ಪಾಠ ಎಂಬ ಕ್ರಮದಲ್ಲಿ ನಾಲ್ಕು ಪುಟ ಮೀರದಂತೆ ಬರೆಯಿರಿ. ತೊಡಕನ್ನು ವಿವರಿಸುವಲ್ಲಿ ಹೆಸರುಗಳನ್ನು ತೆಗೆದು ರಿಜಿಸ್ಟರಿನ ಪ್ರಕರಣಗಳನ್ನು ಸೇರಿಸಿರಿ. ಕಳಿಸಿದ ಪ್ರತಿಯನ್ನೂ ಸ್ವೀಕೃತಿಯನ್ನೂ ದಿನಾಂಕದೊಂದಿಗೆ ಒಂದೇ ಫೈಲಿನಲ್ಲಿಡಿ. ಮಸೂದೆ ಅಧಿನಿಯಮವಾಗಿ ರಾಜ್ಯಪತ್ರದಲ್ಲಿ ಬಂದ ದಿನ ಆ ಫೈಲನ್ನು ತೆಗೆದು, ಸಾಲಿಗೆ ಸಾಲು ಹೋಲಿಸಿ ನೋಡಬೇಕಾಗುತ್ತದೆ.