ಸ್ಪೋರ್ಟಿ ಅಡ್ವೆಂಚರ್ ಟೂರರ್ ಟೆಸ್ಟ್ ರೈಡ್: ಮೊದಲು ಹೊಂದಿಸಿಕೊಳ್ಳಿ, ಆಮೇಲೆ ಓಡಿಸಿ

ಶೋರೂಮಿನವರು ಟೆಸ್ಟ್ ರೈಡಿಗೆ ಬೈಕ್ ಕೊಡುವುದು ಹೆಚ್ಚೆಂದರೆ ಹದಿನೈದು-ಇಪ್ಪತ್ತು ನಿಮಿಷ. ಖಾಲಿ ರಸ್ತೆ ಸಿಕ್ಕ ಕೂಡಲೇ ಥ್ರಾಟಲ್ ತಿರುವಿ ಅಷ್ಟೂ ಸಮಯ ಕಳೆಯುವವರೇ ಜಾಸ್ತಿ. ಟ್ರಯಂಫ್ ಟೈಗರ್ ಸ್ಪೋರ್ಟ್ 660 ಬೈಕಿನ 2022ರ ಮಾದರಿಯ ಮೂರು ಸಿಲಿಂಡರ್ ಎಂಜಿನ್ 81 ಪಿಎಸ್ ಶಕ್ತಿ, 64 ಎನ್‌ಎಂ ಟಾರ್ಕ್ ಕೊಡುತ್ತದೆ; ಅದು ಜೋರಾಗಿ ಓಡುತ್ತದೆ ಎಂದು ತಿಳಿಯಲು ಓಡಿಸಿ ನೋಡಬೇಕಿಲ್ಲ. ನಿಮ್ಮ ಕಾಲು ನೆಲಕ್ಕೆ ಎಷ್ಟು ಊರುತ್ತದೆ, ಗಾಳಿ ಹೆಲ್ಮೆಟ್ಟಿಗೆ ಎಲ್ಲಿ ಬಡಿಯುತ್ತದೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ತೊಡೆಗೆ ಎಷ್ಟು ಬಿಸಿ ತಾಗುತ್ತದೆ ಎಂಬುದು ಮಾತ್ರ ಓಡಿಸದೆ ಗೊತ್ತಾಗುವುದಿಲ್ಲ.

ಯಾವ ಜಾತಿಯ ಬೈಕ್ ನೋಡಲು ಹೊರಟಿದ್ದೀರಿ ಎಂಬುದು ಮೊದಲು ಸ್ಪಷ್ಟವಿರಲಿ. ಟೈಗರ್ ಸ್ಪೋರ್ಟ್ 660, ಕವಾಸಾಕಿ ವರ್ಸಿಸ್ 650 ಇವೆಲ್ಲ ನೆಟ್ಟಗೆ ಕೂರಿಸುವ, ಆದರೆ ಹಿಂದೆ ಮುಂದೆ ಎರಡೂ ಕಡೆ 17 ಇಂಚಿನ ಚಕ್ರವಿರುವ ಬೈಕುಗಳು. ಡಾಂಬರು ರಸ್ತೆ, ಘಾಟಿಯ ತಿರುವು ಇವಕ್ಕೆ ಒಗ್ಗುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಗೆ ಮುಂದಿನ ಚಕ್ರ 21 ಇಂಚು. ಕಲ್ಲು, ಗುಂಡಿಯನ್ನು ಸುಲಭವಾಗಿ ದಾಟುತ್ತದೆ, ಆದರೆ ಹ್ಯಾಂಡಲ್ ನಿಧಾನಕ್ಕೆ ತಿರುಗುತ್ತದೆ. ಹಾಗಾಗಿ ಎರಡು ಜಾತಿಯನ್ನೂ ಒಂದೇ ದಿನ ಓಡಿಸಿ. ವ್ಯತ್ಯಾಸ ಮೈಗೆ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಗೇರ್ ಬೈಕಿನ ಲೈಸೆನ್ಸ್, ನಿಮ್ಮದೇ ಹೆಲ್ಮೆಟ್, ಗ್ಲೌಸ್, ಜಾಕೆಟ್, ಪ್ರವಾಸಕ್ಕೆ ಹಾಕುವ ಬೂಟುಗಳನ್ನೇ ತನ್ನಿ. ಬೂಟಿನ ಅಟ್ಟೆಯ ಒಂದೆರಡು ಸೆಂಟಿಮೀಟರ್ ಕಾಲೂರುವುದನ್ನೇ ಬದಲಿಸುತ್ತದೆ. ಶೋರೂಮಿನ ಹೆಲ್ಮೆಟ್ ಹಾಕಿದರೆ ಗಾಳಿಯ ಪರೀಕ್ಷೆ ವ್ಯರ್ಥ. ಹಿಂದೆ ಕೂತು ಬರುವವರನ್ನೂ ಕರೆದುಕೊಂಡು ಹೋಗಿ. ಸಹಿ ಹಾಕಿಸುವ ಫಾರಂ ಓದಿ, ಬೈಕ್ ಬಿದ್ದರೆ ಖರ್ಚು ಯಾರದು ಎಂದು ಕೇಳಿಯೇ ಸಹಿ ಹಾಕಿ.

ಇನ್ನು ಹೊರಡುವ ಮುಂಚಿನ ಐದು ನಿಮಿಷ. ಇಡೀ ಟೆಸ್ಟ್ ರೈಡಿನಲ್ಲಿ ಬೆಲೆಬಾಳುವ ಸಮಯ ಇದೇ. ಡೆಮೊ ಬೈಕಿನ ಟೈರಿನಲ್ಲಿ ಗಾಳಿ ಸರಿಯಾಗಿರುವುದು ಅಪರೂಪ. ಗಾಳಿ ಹೆಚ್ಚಿದ್ದರೆ ಸಣ್ಣ ಉಬ್ಬೂ ಬೆನ್ನಿಗೆ ಕುಟ್ಟುತ್ತದೆ, ನೀವು ಸಸ್ಪೆನ್ಷನ್ ಗಟ್ಟಿ ಎಂದುಕೊಳ್ಳುತ್ತೀರಿ. ಕಡಿಮೆಯಿದ್ದರೆ ತಿರುವಿನಲ್ಲಿ ಹ್ಯಾಂಡಲ್ ಭಾರ ಎನಿಸುತ್ತದೆ. ಟೈರ್ ತಣ್ಣಗಿರುವಾಗಲೇ ಅಳೆಸಿ, ಓನರ್ಸ್ ಮ್ಯಾನುಯಲ್ಲಿನ ಅಂಕಿಗೆ ತರಿಸಿ. ಟೈರ್ ಹೊಚ್ಚ ಹೊಸದಾಗಿ ಫಳಫಳ ಎನ್ನುತ್ತಿದ್ದರೆ ಆ ದಿನ ತಿರುವಿನಲ್ಲಿ ಬೈಕ್ ವಾಲಿಸಬೇಡಿ. ಮೇಲ್ಮೈ ಸವೆದು ಹಿಡಿತ ಬರುವವರೆಗೆ ಜಾರುತ್ತದೆ.

ಆಮೇಲೆ ಪ್ರೀಲೋಡ್, ಅಂದರೆ ಸಸ್ಪೆನ್ಷನ್ನಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿ ಮಾಡಿಟ್ಟಿದೆ ಎಂಬುದು. ಹಿಂದೆ ಓಡಿಸಿದವರು ನೂರು ಕೆಜಿಯವರಾಗಿ ನೀವು ಅರವತ್ತೈದು ಕೆಜಿಯವರಾಗಿದ್ದರೆ, ಅವರಿಗಾಗಿ ಬಿಗಿ ಮಾಡಿಟ್ಟ ಸ್ಪ್ರಿಂಗನ್ನು ನೀವು ಬೈಯುವಂತಾಗುತ್ತದೆ. ರೈಡರ್ ಕೂತಾಗ ಹಿಂದಿನ ಸಸ್ಪೆನ್ಷನ್ ತನ್ನ ಟ್ರಾವೆಲ್ಲಿನ (ಅದು ಒಟ್ಟು ಕುಸಿಯಬಲ್ಲ ದೂರದ) ಸುಮಾರು ಮೂರರಲ್ಲಿ ಒಂದು ಪಾಲು ಕುಸಿಯಬೇಕು. ಟೈಗರ್ ಸ್ಪೋರ್ಟ್‌ನ ಟ್ರಾವೆಲ್ 150 ಎಂಎಂ, ಅಂದರೆ 45ರಿಂದ 50 ಎಂಎಂ. ಚಕ್ರ ನೆಲ ಬಿಡುವ ಹಾಗೆ ಬೈಕಿನ ಹಿಂಭಾಗ ಎತ್ತಿ ಹಿಡಿದಾಗ ಹಿಂದಿನ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಬಿಂದುವಿಗೆ ಎಷ್ಟಿದೆ, ನೀವು ಕೂತಾಗ ಎಷ್ಟಿದೆ ಎಂದು ಇಬ್ಬರು ಸೇರಿ ಟೇಪ್ ಹಿಡಿದು ಅಳೆಯಬಹುದು. ಈ ಬೈಕಿನ ಹಿಂದಿನ ಪ್ರೀಲೋಡಿಗೆ ಕೈಯಲ್ಲೇ ತಿರುಗಿಸುವ ನಾಬ್ ಇದೆ, ಸ್ಪ್ಯಾನರ್ ಬೇಡ. ಮುಂದಿನ ಫೋರ್ಕ್ ಹೊಂದಿಸಲು ಬರುವುದಿಲ್ಲ. ಅದು ನಿಮಗೆ ಒಗ್ಗದಿದ್ದರೆ ಹಾಗೆಯೇ ಬರೆದಿಟ್ಟುಕೊಳ್ಳಿ. ಕನ್ನಡಿ, ಲಿವರ್, ವಿಂಡ್‌ಸ್ಕ್ರೀನ್ ಕೊನೆಗೆ.

ಎಂಜಿನ್ ಹಚ್ಚುವ ಮುಂಚೆ ನಿಂತಲ್ಲೇ ಪರೀಕ್ಷಿಸಿ. ಟೈಗರ್ ಸ್ಪೋರ್ಟ್‌ನ 2022ರ ಮಾದರಿಯಲ್ಲಿ ಸೀಟಿನ ಎತ್ತರ 835 ಎಂಎಂ, ಪೆಟ್ರೋಲ್ ಸೇರಿ ತೂಕ 206 ಕೆಜಿ. ಎರಡೂ ತುದಿಗಾಲು ಊರಿದರೆ ಸಾಲದು, ಇಳಿಜಾರಿನಲ್ಲಿ ಕೂತು ಬೈಕನ್ನು ಹಿಂದಕ್ಕೆ ತಳ್ಳಿ ನೋಡಿ. ಬೇಸ್‌ಮೆಂಟ್ ಪಾರ್ಕಿಂಗ್ ಇರುವವರಿಗೆ ಇದು ದಿನದ ಕೆಲಸ. ಡೆಮೊ ಬೈಕಿನಲ್ಲಿ ಪೆಟ್ರೋಲ್ ಸಾಮಾನ್ಯವಾಗಿ ತಳದಲ್ಲೇ ಇರುತ್ತದೆ. ಟ್ಯಾಂಕ್ ತುಂಬಿಸಿದರೆ ಇನ್ನೂ ಸುಮಾರು ಹತ್ತು ಕೆಜಿ, ಅದೂ ಎತ್ತರದಲ್ಲಿ ಸೇರುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಮೊದಲ ಏಳೆಂಟು ನಿಮಿಷ ನಿಧಾನಕ್ಕೇ ಓಡಿಸಿ. ಫಸ್ಟ್ ಗೇರಿನಲ್ಲಿ ನಡಿಗೆಯ ವೇಗಕ್ಕೆ ಇಳಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಯು-ಟರ್ನ್ ಮಾಡಿ. ಮೂರನೇ ಗೇರಿನಲ್ಲಿ ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಥ್ರಾಟಲ್ ಮುಚ್ಚಿ ತೆರೆದಾಗ ಬೈಕ್ ಜಗ್ಗುತ್ತದೆಯೇ ಗಮನಿಸಿ. ಜಗ್ಗಿದರೆ ಅದು ಚೈನ್ ಸಡಿಲವಿದ್ದೂ ಆಗಿರಬಹುದು. ವಾಪಸ್ ಬಂದ ಮೇಲೆ ಚೈನ್ ನೋಡಿ ತೀರ್ಮಾನಿಸಿ. ಕೆಂಪು ಸಿಗ್ನಲ್ ಸಿಕ್ಕರೆ ಬೇಸರಪಡಬೇಡಿ, ಬೇಕೆಂದೇ ನಿಲ್ಲಿ. ಫ್ಯಾನ್ ಶುರುವಾಗುವವರೆಗೆ ಕಾದು, ಬಿಸಿಗಾಳಿ ಯಾವ ಕಾಲಿಗೆ ಬರುತ್ತದೆ ನೋಡಿಕೊಳ್ಳಿ. ಬಿಸಿಲಲ್ಲಿ ಎರಡು ನಿಮಿಷ ತಡೆಯಲಾಗದ್ದು ಪ್ರವಾಸದಲ್ಲೂ ತಡೆಯಲಾಗುವುದಿಲ್ಲ, ಇದನ್ನು ಆಮೇಲೆ ಸರಿಪಡಿಸುವುದೂ ಕಷ್ಟ.

ಮೈಸೂರು ರಸ್ತೆಯ ಕಡೆ ಹೊರಟವರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧವಿದೆ. ಸರ್ವಿಸ್ ರಸ್ತೆಯೇ ಸಾಕು. ಅಲ್ಲಿನ ಉಬ್ಬು, ಕಿತ್ತುಹೋದ ಡಾಂಬರಿನ ಮೇಲೆ ಒಮ್ಮೆ ಕೂತು, ಒಮ್ಮೆ ನಿಂತು ದಾಟಿ. ನಿಂತಾಗ ಕೈ ಹ್ಯಾಂಡಲ್ಲಿಗೆ ಸಲೀಸಾಗಿ ಎಟುಕಬೇಕು, ಬೆನ್ನು ಬಗ್ಗಬಾರದು.

ವೇಗಕ್ಕೆ ಅನುಮತಿಯಿರುವ ರಸ್ತೆ ಸಿಕ್ಕಾಗ 80ರ ಆಸುಪಾಸಿನಲ್ಲಿ ಗಾಳಿಯನ್ನು ಪರೀಕ್ಷಿಸಿ. ಹೆಲ್ಮೆಟ್ ಅಲುಗಾಡಿ ಗೊರಗೊರ ಸದ್ದು ಬಂದರೆ ಐದು ಸೆಂಟಿಮೀಟರ್ ಬಗ್ಗಿ. ಸದ್ದು ನಿಂತರೆ ಎತ್ತರದ ಸ್ಕ್ರೀನ್ ಬೇಕು. ಬಗ್ಗಿದಾಗ ಹೆಚ್ಚಾಗಿ, ಸ್ವಲ್ಪ ಎದ್ದಾಗ ನಿಂತರೆ ಗಿಡ್ಡ ಸ್ಕ್ರೀನ್ ಬೇಕು. ಸ್ಕ್ರೀನಿನ ಅಂಚಿನಲ್ಲಿ ಸುಳಿಯಾಗುವ ಗಾಳಿ ಹೆಲ್ಮೆಟ್ಟಿನ ಗಲ್ಲಕ್ಕೆ ಬಡಿಯುವುದೇ ಇದಕ್ಕೆ ಕಾರಣ. ಟೈಗರ್ ಸ್ಪೋರ್ಟ್‌ನ ಸ್ಕ್ರೀನ್ ಒಂದೇ ಕೈಯಲ್ಲಿ ಏರಿಳಿಯುವುದರಿಂದ ಎರಡೂ ಎತ್ತರದಲ್ಲಿ ಹೋಲಿಸಬಹುದು. ಅದೇ ವೇಗದಲ್ಲಿ ಟಾಪ್ ಗೇರಿನಲ್ಲೇ ಇದ್ದು, ಗೇರ್ ಇಳಿಸದೆ ಥ್ರಾಟಲ್ ಕೊಡಿ. ಲಾರಿ ದಾಟುವಾಗ ಬೇಕಾಗುವ ಎಳೆತ ಇದೇ. ಕನ್ನಡಿ ಯಾವ ಆರ್‌ಪಿಎಂನಲ್ಲಿ ನಡುಗಿ ಮಸುಕಾಗುತ್ತದೆ ಎಂಬುದನ್ನೂ ಇಲ್ಲೇ ಗಮನಿಸಿ.

ಬ್ರೇಕಿಗೆ ಹಿಂದೆ ಯಾರೂ ಇಲ್ಲದ ಒಣ, ನೇರ ರಸ್ತೆ ಬೇಕು. ಬೈಕ್ ನೆಟ್ಟಗಿರುವಾಗ 40ರ ವೇಗದಿಂದ ಹಿಂದಿನ ಬ್ರೇಕನ್ನಷ್ಟೇ ಬಲವಾಗಿ ಒತ್ತಿ. ಪೆಡಲ್ ಕಾಲಿಗೆ ಟಕಟಕ ಎಂದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ. ಮುಂದಿನ ಬ್ರೇಕನ್ನು ಹಂತಹಂತವಾಗಿ ಹಿಂಡಿ, ಒಮ್ಮೆಲೇ ಅದುಮಬೇಡಿ. ಹೊಸ ಪ್ಯಾಡ್ ಇನ್ನೂ ಡಿಸ್ಕಿಗೆ ಪಳಗಿರುವುದಿಲ್ಲ, ಹಾಗಾಗಿ ಮೊದಲ ಕಚ್ಚು ಮಂದ ಎನಿಸಿದರೆ ಗಾಬರಿ ಬೇಡ.

ವಾಪಸ್ ಬಂದ ಮೇಲೆ ಹಿಂಬದಿ ಸವಾರರನ್ನು ಕೂರಿಸಿಕೊಂಡು, ಪ್ರೀಲೋಡ್ ಏರಿಸಿ ಇನ್ನೊಂದು ಸಣ್ಣ ಸುತ್ತು ಹೋಗಿ. ಅವರ ಮೊಣಕಾಲು ಎಷ್ಟು ಮಡಚುತ್ತದೆ, ಪ್ರತಿ ಬ್ರೇಕಿಗೂ ನಿಮ್ಮ ಬೆನ್ನಿನ ಮೇಲೆ ಬೀಳುತ್ತಾರೆಯೇ ಎಂದು ಅವರನ್ನೇ ಕೇಳಿ. ಆಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನ ಮೇಲೆ ಇನ್ನೂ ಹತ್ತು ನಿಮಿಷ ಕೂತಿರಿ. ಸೀಟಿನ ಅಂಚು ತೊಡೆಗೆ ಒತ್ತುವುದು ಓಡಿಸುವಾಗಿನ ಉತ್ಸಾಹದಲ್ಲಿ ಗೊತ್ತಾಗುವುದಿಲ್ಲ. ಅನುಮಾನ ಉಳಿದಿದ್ದರೆ ಬುಕಿಂಗ್ ಹಣ ಕಟ್ಟುವ ಮುಂಚೆಯೇ ಎರಡನೇ ಟೆಸ್ಟ್ ರೈಡ್ ಕೇಳಿ, ಈ ಸಲ ಸಂಜೆ ಆರರ ಟ್ರಾಫಿಕ್ಕಿನಲ್ಲಿ.